ಹಕ್ಕಿಗಳ ದ್ವೀಪದಲ್ಲಿ ಬಿಟ್ಟು ಬಂದ ಹೋತ

೧೧ ಫೆಬ್ರುವರಿ ೧೯೯೮, ಬುಧವಾರ, ಪಾಳಾ

ಆ ಹೋತದ ಕೂಗು ಇನ್ನೂ ಕಿವಿಯಿಂದ ಹೋಗಿಲ್ಲ.

ತಮ್ಮ ಅಜಯ ಗುಣವಾದರೆ ಅವನೇ ಸಾಕಿದ ಹೋತವನ್ನು ನೇತ್ರಾಣಿ ದ್ವೀಪದಲ್ಲಿ ಜೀವಂತ ಬಿಡುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಅವನು ದೀಪಾವಳಿಗೇ ತೀರಿಕೊಂಡ. ಇನ್ಯಾವ ಹರಕೆ ಎಂದು ನಾನು ರೇಗಿದರೆ, "ದೇವ್ರು ಮಾತ ತಪ್ಪಿದ, ನಾ ತಪ್ಪಂಗಿಲ್ಲ" ಅಂದಳು.

ನಿನ್ನೆ ದೋಣಿಯಲ್ಲಿ ಹೋಗಿ ಬಿಟ್ಟು ಬಂದೆವು. ಬಂಡೆಯೇ ಕಾಣದಷ್ಟು ಕಡಲಹಕ್ಕಿಗಳು. ಅವುಗಳ ಗದ್ದಲದಲ್ಲೂ ಹೋತ ನಮ್ಮನ್ನೇ ಕರೆಯುತ್ತಿತ್ತು. ಅಜಯನ ಕೈಯಿಂದ ಸೊಪ್ಪು ತಿಂದು ಬೆಳೆದದ್ದು, ಅಲ್ಲಿ ಏನು ಮೇಯುತ್ತದೋ. "ಹಕ್ಕಿ ಅದಾವಲ್ಲ, ಜೋಡಿ ಆಗ್ತಾವ" ಎಂದ ಅವ್ವ ಅಳಲಿಲ್ಲ.

ಇವತ್ತು ಸಂಜೆ ಮರೆತು ಗೂಟಕ್ಕೆ ಸೊಪ್ಪು ಕಟ್ಟಿದಳು. ಕಟ್ಟಿದ ಮೇಲೆ ಅಲ್ಲೇ ಕುಸಿದು ಕೂತಳು. ಸೊಪ್ಪು ಇನ್ನೂ ಅಲ್ಲೇ ಇದೆ. ಬಿಚ್ಚೋಣವೆಂದು ಎರಡು ಸಲ ಹೋದೆ, ಎರಡು ಸಲವೂ ಬಿಚ್ಚದೆ ವಾಪಸು ಬಂದೆ.