ಹಾರ ಹಾಕಿದ ಟಗರು

ಪ್ರೀತಿಯ ಜಯಕ್ಕ,

ಅನಘಾಳ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಜೀವಂತ ಟಗರೇ ಮ್ಯಾಸ್ಕಾಟ್. ಇವತ್ತು ಫೈನಲ್ ಅಂತ ನಾನೇ ಅದಕ್ಕೆ ಕುಂಕುಮವಿಟ್ಟು ಚೆಂಡುಹೂವಿನ ಹಾರ ಹಾಕಿದೆ. ಬಿಸಿಲೆಂದು ಕೋಚ್ ಅದರ ತಲೆಗೆ ನೀರು ಸುರಿದ. ಟಗರು ಮೈ ಕೊಡವಿತು. ಊರ ಮಾರಿಗುಡಿಯಲ್ಲಿ ಹಾಗೆ ಕೊಡವಿದರೆ ಬಲಿಗೆ ಒಪ್ಪಿಗೆಯೆಂದು ಮಚ್ಚೆತ್ತುತ್ತಿದ್ದರಲ್ಲ!

"ಕಡೀಬೇಡ್ರೋ!" ಎಂದು ಮೈದಾನಕ್ಕೆಲ್ಲ ಕೇಳುವಂತೆ ಕಿರುಚಿಬಿಟ್ಟೆ.

"ಅಮ್ಮಾ, ಸ್ಟಾಪ್!" ಎಂದಳು ಅನಘಾ. ಆಮೇಲೆ ಕೋಚ್‌ಗೆ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದಳು. ಅವನು ನಗಲಿಲ್ಲ.

"ಇವತ್ತಲ್ಲ, ಸೋಮವಾರ. ಇವತ್ತಿಗೆ ಸೀಸನ್ ಮುಗಿಯುತ್ತಲ್ಲ," ಎಂದ.

ಬೇಡಿಕೊಂಡು ಮನೆಗೆ ತಂದಿದ್ದೇನೆ. ಗ್ಯಾರೇಜಿನಲ್ಲಿದೆ. ಭಾವ ಪಶುವೈದ್ಯರಲ್ಲವೇ, ಏನು ತಿನ್ನಿಸಬೇಕೆಂದು ಕೇಳಿ ಬೇಗ ತಿಳಿಸು. ನಿಮ್ಮ ಮೆಲ್ಬರ್ನ್ ಕಡೆ ಸಾಕುವವರಿದ್ದರೂ ವಿಚಾರಿಸು.

ಹಾರವನ್ನು ಅದೇ ತಿಂದಿತು. ಕುಂಕುಮವನ್ನು ನಾನೇ ಒರೆಸಿದೆ, ಎರಡೆರಡು ಸಲ.

ನಿನ್ನ ತಂಗಿ,
ಅರುಂಧತಿ
ಸ್ಕೋಫೀಲ್ಡ್ಸ್, ಸಿಡ್ನಿ