ಐಸು ಪೆಟ್ಟಿಗೆಯ ಬಿರಡೆ

ಮಲ್ಪೆ
೧೮ ಜನವರಿ ೨೦೨೫

ಪ್ರೀತಿಯ ಕ್ಲಾರಾ,

ನಿನಗೂ ನಿನ್ನ ತಂಗಿ ಆನಿಗೂ ನನ್ನ ನೆನಪುಗಳು. ಕ್ರಿಸ್‌ಮಸ್ಸಿಗೆ ತಲುಪಬೇಕಾಗಿದ್ದ ಕಾಗದ ಜನವರಿ ಅರ್ಧ ಕಳೆದ ಮೇಲೆ ಹೊರಟಿದೆ. ಕೋಪ ಮಾಡಿಕೊಳ್ಳಬೇಡ. ಮಾಡಿಕೊಂಡರೂ ನನಗೆ ಗೊತ್ತಾಗುವುದು ಹೇಗೆ, ಎರಡು ವರ್ಷದಿಂದ ನೀನು ಫೋನ್ ಎತ್ತುವುದೇ ಇಲ್ಲವಲ್ಲ. ಮಲ್ಪೆಯಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಎಷ್ಟು ದೂರ? ಆದರೂ ನಿನ್ನ ಹಾಸ್ಟೆಲಿನ ಅಡುಗೆಮನೆ ಬಾಗಿಲಲ್ಲಿ ಬಂದು ನಿಲ್ಲುವ ಧೈರ್ಯವಿಲ್ಲದೆ ಇದನ್ನು ಅಂಚೆಗೆ ಹಾಕುತ್ತಿದ್ದೇನೆ.

ಸುದ್ದಿ ಕೇಳು. ಪೆರ್ಡೂರಿನ ಆಚೆಯ ನಮ್ಮ ಹೊಳೆಬದಿಗೆ ಈ ಸಲ ನಾನೊಬ್ಬಳೇ ಹೋಗಿದ್ದೆ, ಅದೇ ನಾಲ್ಕು ಜನರ ಟೆಂಟ್ ಹೊತ್ತುಕೊಂಡು. ಮಾನಸಳನ್ನು ಕರೆದದ್ದಕ್ಕೆ, "ಎಂತ ಮಾರಾಯ್ತಿ, ಆ ಸಲದ ವಾಂತಿ ಸಾಕಾಗ್ಲಿಲ್ವಾ ನಿಂಗೆ?" ಎಂದಳು. ಅವಳು ಅಂದದ್ದು ನಿನ್ನನ್ನು. ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ಶರ್ಮಿಳಾ ಮೊಮ್ಮಗಳ ಜ್ವರದ ನೆಪ ಹೇಳಿದಳು. ಟೆಂಟ್ ಕಟ್ಟಲು ಎರಡು ಗಂಟೆ ಹಿಡಿಯಿತು. ಈ ಕಡೆ ಹಗ್ಗ ಎಳೆದರೆ ಆ ಕಡೆ ಮಲಗುತ್ತದೆ. ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕು.

ಊಟದ ಸಾಮಾನನ್ನು ಮಾತ್ರ ನೀನು ಹೇಳಿಕೊಟ್ಟ ಹಾಗೆಯೇ ಇಟ್ಟೆ. ಹಸಿ ಕೋಳಿಯ ಡಬ್ಬಿ ಐಸು ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಕೆಳಗೆ, ಅದರ ರಸ ಬೇರೆ ಯಾವುದಕ್ಕೂ ತಾಗದ ಹಾಗೆ. ಪೆಟ್ಟಿಗೆಗೆ ಒದ್ದೆ ಗೋಣಿ ಹೊದಿಸಿದೆ, ನೆರಳು ಸರಿದ ಹಾಗೆ ಪೆಟ್ಟಿಗೆಯನ್ನೂ ಸರಿಸಿದೆ. ಸುಮ್ಮಸುಮ್ಮನೆ ಮುಚ್ಚಳ ತೆರೆಯಲಿಲ್ಲ. "ಐಸು ಕರಗುವುದು ಬಿಸಿಲಿಗಲ್ಲ ಸರಸ, ನಿನ್ನ ಇಣುಕಾಟಕ್ಕೆ" ಎನ್ನುತ್ತಿದ್ದೆ ನೀನು. ಐಸಿನ ವಿಷಯದಲ್ಲಿ ನಾನು ನಿನಗೆ ಕಲಿಸಿದ್ದು ಒಂದೇ ಪಾಠ: ಮೀನು ಐಸಿನಲ್ಲಿರಬೇಕು, ಕರಗಿದ ನೀರಿನಲ್ಲಲ್ಲ. ಪೆಟ್ಟಿಗೆಯ ಅಡಿಯ ತೂತಿನ ಬಿರಡೆ ತೆಗೆದೇ ಇರಬೇಕು.

ಅಕ್ಕಿ, ಬ್ರೆಡ್ಡು, ಬಾಳೆಹಣ್ಣಿನ ಚೀಲವನ್ನು ಕೊಂಬೆಗೆ ನೇತುಹಾಕಿದ್ದೆ. ಒಂದು ಮುದಿ ಮಂಗ ಹಗ್ಗ ಹಿಡಿದೇ ಇಳಿದು ಬಾಳೆಹಣ್ಣು ಒಯ್ದಿತು. ಬಾಯಿಗೆ ಬಂದ ಹಾಗೆ ಬೈದೆ. ಅವತ್ತಿಡೀ ನಾನು ಮಾತಾಡಿದ್ದು ಅದೊಂದರ ಜೊತೆ.

ಮೀನು ಒಯ್ಯಲಿಲ್ಲ ಕ್ಲಾರಾ. ಮೂವತ್ತು ವರ್ಷ ಮೀನು ಮಾರಿದವಳು ಮೀನಿಲ್ಲದೆ ಉಂಡಳೆಂದರೆ ಇಲ್ಲಿ ಬಂದರಿನಲ್ಲಿ ನಗುತ್ತಾರೆ. ಕೋಳಿ ಅರ್ಧಕ್ಕರ್ಧ ಉಳಿಯಿತು. ಒಬ್ಬಳ ಅಡುಗೆಗೆ ಅಳತೆಯೇ ಸಿಗುವುದಿಲ್ಲ. ಸಂಜೆ ಗಂಜಿಗೆ ನಿನ್ನ ವಿನೆಗರ್ ಹಾಕಿದ ಮಾವಿನ ಉಪ್ಪಿನಕಾಯಿಯ ಕೊನೆಯ ಬಾಟಲಿ ತೆರೆದೆ. ಎರಡು ವರ್ಷವಾದರೂ ಒಂದು ಚುಕ್ಕೆ ಬೂಸ್ಟಿಲ್ಲ. ತಿನ್ನುತ್ತಾ ಅಳು ಬಂತು. ಯಾರೂ ಇರಲಿಲ್ಲ, ಅತ್ತುಬಿಟ್ಟೆ.

ಎರಡು ವರ್ಷದ ಹಿಂದಿನ ಆ ದಿನದ ಮಾತು ಬರೆಯದೆ ಕಾಗದ ಮುಗಿಯುವುದಿಲ್ಲ. ಅವತ್ತು ನಾವು ನಾಲ್ವರೂ ಇದ್ದೆವು. ನಿನ್ನ ಹಂದಿ ಮಾಂಸ, ನನ್ನ ಬಂಗುಡೆ ಮೀನು. ಉಂಡು ಅರ್ಧ ಗಂಟೆಯಾಗಿರಲಿಲ್ಲ, ಮಾನಸಳ ಮುಖ ಕೆಂಪಗಾಗಿ ಮೈತುಂಬ ದದ್ದು ಎದ್ದಿತು. ಶರ್ಮಿಳಾಳಿಗೆ ವಾಂತಿ, ನನಗೂ. ಕಾರ್ಕಳಕ್ಕೆ ಕಾರು ಓಡಿಸಿದವಳು ನೀನು. ಡಾಕ್ಟರು "ಎಂತ ತಿಂದಿರಿ?" ಎಂದು ಕೇಳಿದ್ದೇ ಮಾನಸ "ಹಂದಿ" ಎಂದಳು. ನಿನಗೆ ಮಾತ್ರ ಏನೂ ಆಗಿರಲಿಲ್ಲ. "ಅವಳಿಗೆ ಅಭ್ಯಾಸ ಉಂಟಲ್ವಾ" ಎಂದಳು ಶರ್ಮಿಳಾ. ನೀನು ನನ್ನ ಮುಖ ನೋಡಿದೆ. ನಾನು ಗ್ಲೂಕೋಸ್ ಬಾಟಲಿ ನೋಡಿದೆ.

ಆಮೇಲೆ ಮಾನಸ ಹೋದಲ್ಲೆಲ್ಲ ಹೇಳಿದಳು. ಮದುವೆ ಮನೆಗಳ ಊಟದ ಆರ್ಡರುಗಳು ಒಂದೊಂದಾಗಿ ನಿಂತು, ಇನ್ನೂರು ಜನಕ್ಕೆ ಬಡಿಸುತ್ತಿದ್ದ ನೀನು ಈಗ ಇನ್ನೊಬ್ಬರ ಒಲೆಗೆ ನೀರುಳ್ಳಿ ಹೆಚ್ಚುತ್ತಿದ್ದೀಯ. ನನ್ನ ಹತ್ತಿರ ಈಗಲೂ ಜನ ಸಾಲು ನಿಲ್ಲುತ್ತಾರೆ. "ಸರಸಕ್ಕನ ಮೀನು ಕಣ್ಣು ಮುಚ್ಚಿ ತಗೊಳ್ಬಹುದು" ಎನ್ನುತ್ತಾರೆ. ನಾನು ಚಿಲ್ಲರೆ ಎಣಿಸುತ್ತೇನೆ.

ನಿನ್ನ ಮಾತೆ ಮೇರಿಯೂ ನನ್ನ ಅಂಬಲಪಾಡಿಯ ಮಹಾಕಾಳಿಯೂ ಕೂಡಿ ನಿನ್ನ ಕೈಗೆ ಒಳ್ಳೆಯದು ಮಾಡಲಿ. ಆ ಕೈ ಒಳ್ಳೆಯದು.

ನಿನ್ನ,
ಸರಸ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಏಳಲಿಲ್ಲ. ಅವತ್ತು ಮಾನಸಳ ಹೊಸ ಕಾರಿನ ಸೀಟಿಗೆ ಮೀನಿನ ನೀರು ಸೋರಬಾರದೆಂದು ಪೆಟ್ಟಿಗೆಗೆ ಬಿರಡೆ ಹಾಕಿದ್ದೆ. ಹೊಳೆಬದಿಗೆ ಬಂದ ಮೇಲೆ ತೆಗೆಯಲು ಮರೆತು, ಪೆಟ್ಟಿಗೆಯನ್ನು ಬಿಸಿಲಲ್ಲೇ ಬಿಟ್ಟು ಹರಟುತ್ತಾ ಕೂತೆ. ಮಧ್ಯಾಹ್ನ ತೆರೆದರೆ ಚೂರು ಐಸಿಲ್ಲ, ಬಂಗುಡೆ ನೀರಿನಲ್ಲಿ ತೇಲುತ್ತಿತ್ತು. ಕೈ ಹಾಕಿದೆ. ನೀರು ಬೆಚ್ಚಗಿತ್ತು. ವಾಸನೆ ಇರಲಿಲ್ಲ, ಬೇಯಿಸಿದರೆ ಎಲ್ಲ ಹೋಗುತ್ತದೆ ಎಂದುಕೊಂಡೆ. ಆಸ್ಪತ್ರೆಯಲ್ಲಿ ನೀವು ಯಾರೂ ಹತ್ತಿರ ಇಲ್ಲದಾಗ ನರ್ಸ್ ಕೇಳಿದಳು: "ಬಿಸಿಗೆ ಸಿಕ್ಕಿದ ಬಂಗುಡೆಯಿಂದ ಹೀಗೇ ಮೈ ಕೆಂಪಾಗ್ತದೆ, ಬೇಯಿಸಿದ್ರೂ ಹೋಗುದಿಲ್ಲ. ನೀವು ಮೀನು ತಿಂದಿದ್ರಾ?" ನಾನು ಇಲ್ಲ ಎಂದೆ.

ಇದನ್ನೆಲ್ಲ ಮಾನಸಳಿಗೂ ಶರ್ಮಿಳಾಳಿಗೂ ಬರೆದು ನಿನ್ನೆಯೇ ಅಂಚೆಗೆ ಹಾಕಿದ್ದೇನೆ. ನಿನಗೆ ಏನೂ ಆಗದಿದ್ದದ್ದು ಏಕೆಂದು ನಿನಗೆ ನೆನಪಿದೆಯೋ ಇಲ್ಲವೋ. ನಿನ್ನ ಪಾಲಿನ ಬಂಗುಡೆಯನ್ನು ನೀನು ನನ್ನ ತಟ್ಟೆಗೆ ಹಾಕಿದ್ದೆ, "ನಿಂಗೆ ಇಷ್ಟ ಅಲ್ವಾ" ಎಂದು.