ದೀಪದ ಬದಲು ಪಂಪು

೧೨ ಮಾರ್ಚ್ ೨೦೨೬, ಗುರುವಾರ

ನಾಚಿಕೆ ಇನ್ನೂ ಇಳಿದಿಲ್ಲ. ಹೊಲದ ಪಂಪು ನಡೆಸಲು ನಾನು ಕಟ್ಟಿದ ಪುಟ್ಟ ಬೋರ್ಡಿನ ಕರ್ನಲ್‌ನಲ್ಲಿ, ಅಂದರೆ ಅದನ್ನು ಆಳುವ ಮೂಲ ತಂತ್ರಾಂಶದಲ್ಲಿ, ದೀಪಕ್ಕೊಂದು ಮೆಮೊರಿ ವಿಳಾಸ, ಪಂಪಿಗೊಂದು. ಇವತ್ತು ಮೊರಬದ ರೈತರೆದುರು ದೀಪ ಹೊತ್ತಿಸಲು ಹೋದೆ. ಆ ವಿಳಾಸಗಳ ಪಟ್ಟಿಯಲ್ಲಿ ಒಂದಂಕಿ ತಪ್ಪು ಬರೆದಿದ್ದೆ. ದೀಪದ ಬದಲು ಪಂಪು ಶುರುವಾಯಿತು. ಪೈಪಿನ ಬಾಯಿಯೆದುರು ಇಸ್ತ್ರಿ ಅಂಗಿಯಲ್ಲಿ ನಿಂತಿದ್ದ ಶಂಕ್ರಪ್ಪ ಕಾಕಾ ಪೂರ್ತಿ ತೊಯ್ದರು.

"ಅಡ್ರೆಸ್ ತಪ್ಪೈತ್ರಿ ಕಾಕಾ," ಎಂದೆ.

"ಅಡ್ರೆಸ್ ತಪ್ಪಿ ಬಂದ ಬೀಗರು ಚಾ ಕುಡ್ದು ಹೋಗ್ತಾರ. ನಿನ್ನ ಅಡ್ರೆಸ್ ಜಳಕಾನ ಮಾಡಿಸ್ತಲ್ಲ, ಫರಹತ್!"

ಎಲ್ಲರೂ ನಕ್ಕರು. ನನ್ನ ಎರಡು ವರ್ಷದ ದುಡಿಮೆ ಆ ನೀರಲ್ಲೇ ಹೋಯಿತೆಂದುಕೊಂಡೆ.

ಕಾಕಾ ಮುಖ ಒರೆಸಿಕೊಂಡು, "ದೀಪ ಯಾರಿಗೆ ಬೇಕು? ಪಂಪ ಚಾಲೂ ಆತಲ್ಲ. ಮೊದಲ ನಮ್ಮ ಹೊಲಕ್ಕ ಹಚ್ಚು" ಎಂದರು.

ಹೂಂ ಎಂದೆ. ಬೋರ್ಡಿನಿಂದ ನಿಲ್ಲಿಸಲಾಗದೆ ವೈರು ಕಿತ್ತು ಪಂಪು ನಿಲ್ಲಿಸಿದ್ದೆನೆಂದು ಮಾತ್ರ ಹೇಳಲಿಲ್ಲ.